ಸಂಗೀತದಲ್ಲಿ ನೆಲೆ: ದುಡ್ಡು ಎಲ್ಲಿಂದ ಬರುತ್ತದೆ, ಜನ ಎಲ್ಲಿಂದ ಬರುತ್ತಾರೆ

ಗೆಳೆಯನೊಬ್ಬನ ಹಾಡು ಶುಕ್ರವಾರ ಮಧ್ಯರಾತ್ರಿ ಬಿಡುಗಡೆಯಾಯಿತು. ಮಿಕ್ಸಿಂಗ್ ನನ್ನದು. ಹನ್ನೆರಡರಿಂದ ಎರಡು ಗಂಟೆವರೆಗೆ ಇಬ್ಬರೂ ಫೋನ್ ಹಿಡಿದು ಅಂಕಿ ನೋಡುತ್ತಾ ಕೂತಿದ್ದೆವು. ಬೆಳಿಗ್ಗೆ ಎದ್ದಾಗ 41 ಸಲ ಪ್ಲೇ ಆಗಿತ್ತು. "ಅದರಲ್ಲಿ ಹತ್ತು ನಂದೇ ಕಣೋ" ಅಂದ. ಆರು ನನ್ನದು ಅಂತ ನಾನು ಒಪ್ಪಿಕೊಂಡೆ. ಉಳಿದ 25ರಲ್ಲಿ ಅವನ ಅಕ್ಕನ ಪಾಲು ಎಷ್ಟು ಅಂತ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಎಂಟು ತಿಂಗಳ ಕೆಲಸ ಅದು. ಹಾಡು ಚೆನ್ನಾಗಿಯೇ ಇತ್ತು, ಈಗಲೂ ಇದೆ. ಹಾಗಾದರೆ ತಪ್ಪಿದ್ದು ಎಲ್ಲಿ? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ "ಪ್ರಮೋಷನ್ ಸಾಲದು". ನನಗೆ ಆ ಉತ್ತರದ ಮೇಲೆ ನಂಬಿಕೆ ಕಮ್ಮಿ. ಅವನಿಗೆ ಹಾಡು ಇತ್ತು, ಹಾಡಿಗಾಗಿ ಕಾಯುತ್ತಿದ್ದ ಜನ ಇರಲಿಲ್ಲ. ಹಾಡು ಮುಗಿದ ಮೇಲೆ ಜನರನ್ನು ಹುಡುಕಲು ಹೊರಟಿದ್ದ. ನಮ್ಮಲ್ಲಿ ಬಹಳ ಜನ ಮಾಡುವುದು ಇದನ್ನೇ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಅಂದಹಾಗೆ ಶುಕ್ರವಾರವೇ ಯಾಕೆ ಅಂದರೆ, 2015ರ ಜುಲೈ 10ರಿಂದ ರೆಕಾರ್ಡಿಂಗ್ ಉದ್ಯಮ ಜಗತ್ತಿಗೆಲ್ಲ ಒಂದೇ ಬಿಡುಗಡೆ ದಿನ ಅಂತ ಶುಕ್ರವಾರವನ್ನು ಗೊತ್ತು ಮಾಡಿಕೊಂಡಿತು. ದೊಡ್ಡವರಿಗೆ ಅದರಿಂದ ಅನುಕೂಲ. ಚಿಕ್ಕವರ ಪಾಲಿಗೆ ಮಾತ್ರ ಸಣ್ಣ ಬಾಗಿಲಲ್ಲಿ ಆನೆಗಳ ಜೊತೆ ನುಗ್ಗಿದ ಹಾಗೆ. ಮಂಗಳವಾರ ಬಿಡುಗಡೆ ಮಾಡಬಾರದು ಅಂತ ಯಾವ ಕಾನೂನೂ ಇಲ್ಲ.

ಬಾಗಿಲು ತೆರೆದಿದೆ, ಒಳಗೆ ಜಾಗ ಇಲ್ಲ

ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಕಷ್ಟ ಇದ್ದದ್ದು ಬಾಗಿಲಲ್ಲಿ. ಸ್ಟುಡಿಯೋ ಬಾಡಿಗೆ, ಟೇಪು, ಲೇಬಲ್, ಅಂಗಡಿಯ ಕಪಾಟು, ಎಲ್ಲಕ್ಕೂ ಯಾರದ್ದಾದರೂ ಒಪ್ಪಿಗೆ ಬೇಕಿತ್ತು. 1999ರಲ್ಲಿ ಇಂಟರ್‌ನೆಟ್‌ನಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, 2003ರಲ್ಲಿ ಹಾಡು ಕೊಳ್ಳುವ ಐಟ್ಯೂನ್ಸ್ ಸ್ಟೋರ್ ಬಂತು, 2008ರಲ್ಲಿ ಕೊಳ್ಳದೆಯೇ ಕೇಳುವ, ಅಂದರೆ ಸ್ಟ್ರೀಮಿಂಗ್ ಮಾಡುವ, ಸ್ಪಾಟಿಫೈ ಬಂತು. ಇವತ್ತು ಒಂದು ಲ್ಯಾಪ್‌ಟಾಪು, ಒಂದು ಮೈಕು, ಹಾಡನ್ನು ಈ ಸೇವೆಗಳಿಗೆ ಮುಟ್ಟಿಸುವ ಡಿಸ್ಟ್ರಿಬ್ಯೂಟರ್ ಹತ್ತಿರ ಒಂದು ಖಾತೆ ಇದ್ದರೆ ಸಾಕು, ಯಾರ ಹಾಡು ಬೇಕಾದರೂ ಎಲ್ಲ ಕಡೆ ಸಿಗುತ್ತದೆ. ಬಾಗಿಲು ಪೂರ್ತಿ ತೆರೆಯಿತು.

ತೆರೆದ ಮೇಲೆ ಏನಾಯಿತು ನೋಡಿ. ಸಂಗೀತದ ಅಂಕಿಅಂಶ ಕಲೆಹಾಕುವ ಲುಮಿನೇಟ್ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ದಿನಕ್ಕೆ ಸರಾಸರಿ 1 ಲಕ್ಷಕ್ಕೂ ಹೆಚ್ಚು ಹೊಸ ಟ್ರ್ಯಾಕ್‌ಗಳು ಸ್ಟ್ರೀಮಿಂಗ್ ಸೇವೆಗಳಿಗೆ ಸೇರಿದವು. ಆ ವರ್ಷ ಲೆಕ್ಕಕ್ಕೆ ಸಿಕ್ಕ ಒಟ್ಟು 18.4 ಕೋಟಿ ಟ್ರ್ಯಾಕ್‌ಗಳಲ್ಲಿ 4.56 ಕೋಟಿ ಟ್ರ್ಯಾಕ್‌ಗಳನ್ನು ವರ್ಷವಿಡೀ ಒಬ್ಬರೂ ಕೇಳಲಿಲ್ಲ. ಹಾಡಿದವರೇ ಕೇಳಲಿಲ್ಲ ಅಂತಾಯಿತು. ಆ ಲೆಕ್ಕದಲ್ಲಿ ನನ್ನ ಗೆಳೆಯನ 41 ದೊಡ್ಡ ಸಾಧನೆಯೇ.

ಉದ್ಯಮ ಮುಳುಗುತ್ತಿದೆ ಅಂತ ಇದರ ಅರ್ಥ ಅಲ್ಲ. 1999ರಿಂದ 2014ರ ಹೊತ್ತಿಗೆ ರೆಕಾರ್ಡಿಂಗ್ ವರಮಾನ ಸುಮಾರು ಶೇ. 40ರಷ್ಟು ಬಿದ್ದಿತ್ತು, ನಿಜ. ಆಮೇಲೆ ಎದ್ದು ನಿಂತಿತು. ರೆಕಾರ್ಡಿಂಗ್ ಕಂಪನಿಗಳ ಜಾಗತಿಕ ಒಕ್ಕೂಟ ಐಎಫ್‌ಪಿಐ ಹೇಳುವಂತೆ 2024ರಲ್ಲಿ ಜಗತ್ತಿನ ರೆಕಾರ್ಡಿಂಗ್ ಸಂಗೀತದ ವರಮಾನ 2,960 ಕೋಟಿ ಡಾಲರ್. ಅದರಲ್ಲಿ ಸುಮಾರು ಶೇ. 69 ಬಂದದ್ದು ಸ್ಟ್ರೀಮಿಂಗ್‌ನಿಂದ. ದುಡ್ಡು ಇದೆ. ಅದು ಹಂಚಿಕೆಯಾಗುವ ರೀತಿ ಗೊತ್ತಿಲ್ಲದೆ ಈ ಕಸುಬಿಗೆ ಇಳಿದರೆ ಕೈ ಸುಟ್ಟುಕೊಳ್ಳುವುದು ಖಂಡಿತ.

ಒಂದು ಸ್ಟ್ರೀಮ್‌ಗೆ ಇಷ್ಟು ಅಂತ ದರ ನಿಗದಿಯಾಗಿರುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದೊಡ್ಡ ಸೇವೆಗಳಲ್ಲಿ ಚಂದಾ ಮತ್ತು ಜಾಹೀರಾತಿನ ದುಡ್ಡೆಲ್ಲ ಒಂದು ಹುಂಡಿಗೆ ಬೀಳುತ್ತದೆ. ಸೇವೆ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದ ಸುಮಾರು ಮೂರನೇ ಎರಡು ಭಾಗವನ್ನು ಒಟ್ಟು ಸ್ಟ್ರೀಮ್‌ಗಳಲ್ಲಿ ಯಾರಿಗೆ ಎಷ್ಟು ಅಂತ ನೋಡಿ ಹಂಚುತ್ತಾರೆ. ಒಂದು ಪುಟ್ಟ ಲೆಕ್ಕ ಮಾಡೋಣ. ಇಡೀ ಸೇವೆಗೆ ಇಬ್ಬರೇ ಚಂದಾದಾರರು, ತಲಾ 10 ನಾಣ್ಯ ಕೊಡುತ್ತಾರೆ ಅಂದುಕೊಳ್ಳಿ. ಮೊದಲನೆಯವಳು ತಿಂಗಳಿಡೀ ನಿಮ್ಮ ಹಾಡನ್ನೇ 20 ಸಲ ಕೇಳಿದಳು, ಬೇರೇನೂ ಕೇಳಲಿಲ್ಲ. ಎರಡನೆಯವನು ದೊಡ್ಡ ತಾರೆಯೊಬ್ಬರ ಹಾಡುಗಳನ್ನು 980 ಸಲ ಹಾಕಿಕೊಂಡ. ಸೇವೆಯ ಪಾಲು ಕಳೆದು ಹುಂಡಿಯಲ್ಲಿ 14 ನಾಣ್ಯ ಉಳಿಯಿತು ಅನ್ನಿ. ಸಾವಿರದಲ್ಲಿ 20 ನಿಮ್ಮದು, ಅಂದರೆ ನಿಮಗೆ ಸಿಗುವುದು 0.28 ನಾಣ್ಯ. ನಿಮ್ಮನ್ನು ಮಾತ್ರ ಕೇಳಿದವಳು ಕೊಟ್ಟ ಹಣದಲ್ಲಿ 7 ನಾಣ್ಯ ಹಂಚಿಕೆಗೆ ಬಂದಿತ್ತು, ಅದರಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಅವಳು ಒಂದು ಸಲವೂ ಕೇಳದವರ ಜೇಬಿಗೆ ಹೋಯಿತು.

ಇದನ್ನು ಬದಲಿಸುವ ಪ್ರಯತ್ನ ನಡೆದಿದೆ. ಸೌಂಡ್‌ಕ್ಲೌಡ್ ಎಂಬ ಸ್ಟ್ರೀಮಿಂಗ್ ಸೇವೆ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಕೇಳುಗರ ದುಡ್ಡು ಅವರು ಕೇಳಿದವರಿಗೇ ಹೋಗುವ ಪದ್ಧತಿ ತಂದಿತು. ಡೀಜರ್ ಎಂಬ ಇನ್ನೊಂದು ಸ್ಟ್ರೀಮಿಂಗ್ ಸೇವೆ 2023ರಲ್ಲಿ ದೊಡ್ಡ ರೆಕಾರ್ಡ್ ಕಂಪನಿ ಯೂನಿವರ್ಸಲ್ ಜೊತೆ ಸೇರಿ ಬೇರೆ ದಾರಿ ಹಿಡಿಯಿತು. ತಿಂಗಳಿಗೆ ಕನಿಷ್ಠ 500 ಬೇರೆಬೇರೆ ಕೇಳುಗರಿಂದ 1,000 ಸ್ಟ್ರೀಮ್ ಪಡೆದ ಕಲಾವಿದರಿಗೆ ದುಪ್ಪಟ್ಟು ತೂಕ. ಕೇಳುಗರು ತಾವಾಗಿಯೇ ಹುಡುಕಿ ಹಾಕಿಕೊಂಡ ಹಾಡಿಗೆ ಇನ್ನೊಂದು ದುಪ್ಪಟ್ಟು. ಈ ಎರಡನೆಯ ನಿಯಮ ನನಗೆ ಬಹಳ ಮುಖ್ಯ ಅನಿಸುತ್ತದೆ. ಸುಮ್ನೆ ಹಿನ್ನೆಲೆಯಲ್ಲಿ ಹರಿದುಹೋದ ಹಾಡಿಗೂ ಹೆಸರು ಹಿಡಿದು ಹುಡುಕಿದ ಹಾಡಿಗೂ ವ್ಯತ್ಯಾಸ ಇದೆ ಅಂತ ಯಂತ್ರ ನಡೆಸುವವರೇ ಒಪ್ಪಿಕೊಂಡಂತಾಯಿತು.

ಸ್ಪಾಟಿಫೈ ದಾರಿ ಇನ್ನೊಂದು. 2024ರ ಆರಂಭದಿಂದ, ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಟ್ರ್ಯಾಕ್‌ಗೆ ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಕೇಳಿದ್ದಕ್ಕೆ ಬರಬೇಕಾದ ಪಾಲು, ಇಲ್ಲ. ಆ ಪಾಲು ಉಳಿದ ಟ್ರ್ಯಾಕ್‌ಗಳಿಗೆ ಹಂಚಿಹೋಗುತ್ತದೆ. ಹಾಡು ಪಟ್ಟಿಯಲ್ಲಿ ಇರುತ್ತದೆ, ಪ್ಲೇ ಆಗುತ್ತದೆ. ಆದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕಾಗದದ ಮಾತು

ಜನರ ವಿಷಯಕ್ಕೆ ಬರುವ ಮೊದಲು ಒಂದು ಬೇಸರದ ವಿಷಯ ಹೇಳಲೇಬೇಕು. ಒಂದು ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗ ಸೇರಿ ಹಾಡು ಅನ್ನುವುದು ಒಂದು. ಅದನ್ನು ಹಾಡಿ, ನುಡಿಸಿ, ಹಿಡಿದಿಟ್ಟ ರೆಕಾರ್ಡಿಂಗ್ ಇನ್ನೊಂದು. ಬೇರೆಯವರ ಹಾಡನ್ನು ನೀವು ಹಾಡಿ ರೆಕಾರ್ಡ್ ಮಾಡಿದರೆ ರೆಕಾರ್ಡಿಂಗ್ ನಿಮ್ಮದು, ಹಾಡು ಅವರದ್ದೇ. ಎರಡರ ದುಡ್ಡೂ ಬೇರೆಬೇರೆ ಕೊಳವೆಯಲ್ಲಿ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ರೆಕಾರ್ಡಿಂಗ್ ಕಡೆಯ ಪಾಲು ದೊಡ್ಡದು. ರೇಡಿಯೋ ವಿಷಯ ದೇಶದಿಂದ ದೇಶಕ್ಕೆ ಬದಲಾಗುತ್ತದೆ. 1961ರ ರೋಮ್ ಒಪ್ಪಂದದ ದಾರಿ ಹಿಡಿದ ಬಹಳ ದೇಶಗಳಲ್ಲಿ ರೇಡಿಯೋ ಪ್ರಸಾರದ ಹಣದಲ್ಲಿ ಹಾಡಿದವರಿಗೂ ನುಡಿಸಿದವರಿಗೂ ಪಾಲು ಬರುತ್ತದೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋ ರೆಕಾರ್ಡಿಂಗ್‌ಗೆ ಏನೂ ಕೊಡುವುದಿಲ್ಲ, ಬರೆದವರಿಗೆ ಮಾತ್ರ ಕೊಡುತ್ತದೆ.

ಈ ಕೊಳವೆಗಳು ಎಲ್ಲಿ ಸೋರುತ್ತವೆ ಗೊತ್ತಾ? ಹೆಸರಿನಲ್ಲಿ. ಪ್ರತಿ ರೆಕಾರ್ಡಿಂಗ್‌ಗೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಹಾಡಿಗೆ ಐಎಸ್‌ಡಬ್ಲ್ಯೂಸಿ ಅನ್ನುವ ಬೇರೆ ಗುರುತು. ಇವೆರಡೂ ಒಂದಕ್ಕೊಂದು ತಾಳೆಯಾಗದಿದ್ದರೆ, ಬರೆದವರ ಹೆಸರು ಒಂದು ಕಡೆ ಹೀಗೆ ಇನ್ನೊಂದು ಕಡೆ ಹಾಗೆ ಇದ್ದರೆ, ದುಡ್ಡು ಬಂದರೂ ಯಾರಿಗೆ ಕೊಡಬೇಕು ಅಂತ ತಿಳಿಯುವುದಿಲ್ಲ. 2018ರ ಕಾನೂನಿನಂತೆ ಅಮೆರಿಕದಲ್ಲಿ ಹಾಡು ಬರೆದವರ ಪಾಲು ಸಂಗ್ರಹಿಸಿ ಹಂಚುವ ಎಂಎಲ್‌ಸಿ ಎಂಬ ಸಂಸ್ಥೆ ಶುರುವಾದಾಗ, 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಹೀಗೆ ವಾರಸುದಾರರು ಸಿಗದೆ ಉಳಿದಿದ್ದ ಸುಮಾರು 42.4 ಕೋಟಿ ಡಾಲರ್ ತಂದು ಒಪ್ಪಿಸಿದವು. ಅಷ್ಟು ಹಣ ಬರೆದವರ ಹೆಸರಿಲ್ಲದೆ ಕೂತಿತ್ತು.

ಅದಕ್ಕೇ ಪಾಲು ಪತ್ರ. ಯಾರು ಬರೆದರು, ಯಾರು ರಾಗ ಹಾಕಿದರು, ಯಾರಿಗೆ ಶೇಕಡಾ ಎಷ್ಟು, ಪೂರ್ತಿ ಹೆಸರು, ಸಹಿ, ತಾರೀಕು. ಒಂದು ಹಾಳೆ ಸಾಕು. ಸೆಷನ್ ಮುಗಿದ ಕೂಡಲೇ, ಎಲ್ಲರೂ ಇನ್ನೂ ಖುಷಿಯಲ್ಲಿ ಇರುವಾಗ ಬರೆದುಕೊಂಡರೆ ಹತ್ತು ನಿಮಿಷದ ಕೆಲಸ. ಹಾಡು ಓಡಿದ ಮೇಲೆ ಬರೆಯಲು ಕೂತರೆ ಹತ್ತು ವರ್ಷವೂ ಸಾಲದು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಬ್ರಿಟನ್ನಿನ ಪ್ರೊಕೊಲ್ ಹ್ಯಾರಮ್ ತಂಡದ ಆರ್ಗನ್ ವಾದಕ ಮ್ಯಾಥ್ಯೂ ಫಿಶರ್ ಕಥೆ ಕೇಳಿ. 1967ರಲ್ಲಿ ಬಂದ ತಂಡದ ಮೊದಲ ದೊಡ್ಡ ಹಾಡಿಗೆ ಕಳೆ ಕೊಟ್ಟದ್ದೇ ಅವರ ಆರ್ಗನ್. ಆದರೆ ಬರೆದವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 2005ರಲ್ಲಿ ಕೋರ್ಟಿಗೆ ಹೋದರು. ಒಮ್ಮೆ ಗೆದ್ದರು, ಮೇಲ್ಮನವಿಯಲ್ಲಿ ಹಿನ್ನಡೆಯಾಯಿತು, ಕೊನೆಗೆ 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವರಿಗೆ ಶೇ. 40 ಪಾಲು ಉಳಿಸಿಕೊಟ್ಟಿತು. ಅದೂ 2005ರಿಂದ ಈಚಿನ ಹಣಕ್ಕೆ ಮಾತ್ರ. ಅದಕ್ಕೂ ಹಿಂದಿನ ಮೂವತ್ತೆಂಟು ವರ್ಷದ ಹಣ ಹೋಯಿತು. ಗೆಳೆತನ ಎಷ್ಟು ಹೋಯಿತು ಅನ್ನುವುದು ತೀರ್ಪಿನಲ್ಲಿ ಬರೆದಿರುವುದಿಲ್ಲ.

ನನ್ನ ಅನುಭವ ಅಷ್ಟು ದೊಡ್ಡದಲ್ಲ. ಮೂವರು ಸೇರಿ ಮಾಡಿದ ಒಂದು ಟ್ರ್ಯಾಕ್ ಯಾವುದೋ ಜಾಹೀರಾತಿಗೆ ಬೇಕು ಅಂತ ಕೇಳಿಕೊಂಡು ಬಂದರು. ಪಾಲಿನ ಮಾತು ನಾವು ಆಡಿಯೇ ಇರಲಿಲ್ಲ. "ಬೇಸ್ ಲೈನ್ ನಂದು, ಅದಿಲ್ಲದೆ ಹಾಡೇ ಇಲ್ಲ" ಅಂತ ಒಬ್ಬ. "ಲ್ಯಾಪ್‌ಟಾಪ್ ನಂದು" ಅಂತ ಇನ್ನೊಬ್ಬ. ನಾವು ವಾದ ಮುಗಿಸುವಷ್ಟರಲ್ಲಿ ಜಾಹೀರಾತಿನವರು ಬೇರೆ ಹಾಡು ತೆಗೆದುಕೊಂಡು ಹೋಗಿದ್ದರು. ಲ್ಯಾಪ್‌ಟಾಪಿನವನು ನಾನೇ ಅಂತ ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಪಾಲು ಪತ್ರವನ್ನು ಅಪನಂಬಿಕೆಯ ಕಾಗದ ಅಂತ ನೋಡುವವರಿದ್ದಾರೆ. ನನಗೆ ಅದು ಬಳಗ ಕಟ್ಟುವ ಮೊದಲ ಕೆಲಸದ ಹಾಗೆ ಕಾಣುತ್ತದೆ. ದುಡ್ಡಿನ ಮಾತು ಮುಗಿದವರು ಮತ್ತೆ ಒಟ್ಟಿಗೆ ಕೂತು ನುಡಿಸುತ್ತಾರೆ.

ಎರಡು ಬಳಗ

"ಕಮ್ಯುನಿಟಿ ಕಟ್ಟಿ" ಅನ್ನುವ ಸಲಹೆ ಈಗ ಎಲ್ಲ ಕಡೆ ಸಿಗುತ್ತದೆ. ಹೇಳುವವರಲ್ಲಿ ಬಹಳ ಜನಕ್ಕೆ ಅದರ ಅರ್ಥ ಫಾಲೋವರ್‌ಗಳು ಅಂತ. ಇದು ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುವ ಮಾತಿನ ಹಾಗೆ. ಐವತ್ತು ಸಾವಿರ ಫಾಲೋವರ್ ಇದ್ದು, ಕಾರ್ಯಕ್ರಮಕ್ಕೆ ಹದಿನೈದು ಜನ ಬಂದದ್ದನ್ನು ಸೌಂಡ್ ಬೋರ್ಡಿನ ಹಿಂದೆ ಕೂತು ನಾನೇ ನೋಡಿದ್ದೇನೆ.

ಸಂಗೀತದವರಿಗೆ ಬಳಗ ಎರಡು. ಒಂದು ಜೊತೆಗೆ ಕೆಲಸ ಮಾಡುವವರದ್ದು. ಇನ್ನೊಂದು ಕೇಳುವವರದ್ದು. ಮೊದಲನೆಯದು ಕೆಲಸ ತರುತ್ತದೆ, ಎರಡನೆಯದು ಹೆಸರು ಉಳಿಸುತ್ತದೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ಎಡವಟ್ಟು. ಕೇಳುಗರ ಮುಂದೆ ಇಡಬೇಕಾದ ಹಾಡನ್ನು ಬರೀ ಸಂಗೀತಗಾರರ ಗುಂಪಿನಲ್ಲಿ ಹಾಕುತ್ತೇವೆ. ಅಲ್ಲಿ ಎಲ್ಲರೂ ತಮ್ಮ ಹಾಡು ಹಾಕಲೇ ಬಂದಿರುತ್ತಾರೆ, ಯಾರೂ ಯಾರದ್ದೂ ಕೇಳುವುದಿಲ್ಲ.

ಜೊತೆಗಾರರ ಬಳಗ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ. ಡ್ರಮ್ಮರ್ ಒಬ್ಬನಿಗೆ ಶನಿವಾರದ ಕಾರ್ಯಕ್ರಮಕ್ಕೆ ಹೋಗಲಾಗುವುದಿಲ್ಲ. ತನ್ನ ಬದಲು ಒಬ್ಬರನ್ನು ಕಳಿಸಬೇಕು. ಅವನ ತಲೆಯಲ್ಲಿ ಓಡುವ ಪ್ರಶ್ನೆ "ಯಾರು ಅತಿ ಚೆನ್ನಾಗಿ ನುಡಿಸುತ್ತಾರೆ" ಅಂತ ಅಲ್ಲ. "ಯಾರನ್ನು ಕಳಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ" ಅಂತ. ಹೊತ್ತಿಗೆ ಸರಿಯಾಗಿ ಬರುವವರು, ಹಾಡುಗಳನ್ನು ಕೇಳಿಕೊಂಡು ಬರುವವರು, ಸೌಂಡ್‌ಚೆಕ್‌ನಲ್ಲಿ ಕಿರಿಕಿರಿ ಮಾಡದವರು. ಶಿಫಾರಸು ಅಂದರೆ ನಮ್ಮ ಹೆಸರನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಅದಕ್ಕೇ ಕೈಚಳಕದಲ್ಲಿ ಸ್ವಲ್ಪ ಹಿಂದಿದ್ದರೂ ನೆಚ್ಚಿಕೊಳ್ಳಬಹುದಾದ ವಾದಕರಿಗೆ ವಾರಪೂರ್ತಿ ಕೆಲಸ ಇರುತ್ತದೆ. ಅದ್ಭುತವಾಗಿ ನುಡಿಸುವವರು ಮನೆಯಲ್ಲಿ ಕೂತು ಲೋಕವನ್ನು ಬೈಯುತ್ತಿರುತ್ತಾರೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದಾಗ, ಸುಳಿವು ಕೊಟ್ಟದ್ದು ಹೆಚ್ಚಾಗಿ ಆಪ್ತ ಗೆಳೆಯರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಬೀದಿಯ ಸುದ್ದಿ ತರುತ್ತಾರೆ. ಸಂಗೀತದಲ್ಲಿ ಇದನ್ನು ದಿನವೂ ಕಾಣಬಹುದು. ಎರಡು ವರ್ಷದ ಹಿಂದೆ ಒಂದೇ ವೇದಿಕೆಯಲ್ಲಿ ಕೇಬಲ್ ಸುತ್ತುವಾಗ ಮಾತಾಡಿಸಿದ ಲೈಟಿಂಗ್ ಹುಡುಗಿಯಿಂದ ನನಗೆ ಒಂದು ಇಡೀ ಆಲ್ಬಮ್‌ನ ಮಿಕ್ಸಿಂಗ್ ಬಂತು. ಆವತ್ತು ಅವಳಿಗೆ ಟೇಪ್ ಬೇಕಿತ್ತು, ನನ್ನ ಹತ್ತಿರ ಇತ್ತು, ಅಷ್ಟೇ.

ಕೆಲಸ ಅಂದರೆ ಹಾಡುವುದು ಮಾತ್ರ ಅಲ್ಲ ಅನ್ನುವುದೂ ಇಲ್ಲಿಯೇ ಗೊತ್ತಾಗುವುದು. ನನಗೆ ಗೊತ್ತಿರುವ, ಸಂಗೀತದಿಂದಲೇ ಬದುಕುವ ಬಹುತೇಕರಿಗೆ ಒಂದೇ ಆದಾಯ ಇಲ್ಲ. ಪಾಠ ಹೇಳುತ್ತಾರೆ, ಸೆಷನ್ ನುಡಿಸುತ್ತಾರೆ, ಜಾಹೀರಾತು, ಆಟಗಳಿಗೆ ಸಂಗೀತ ಮಾಡುತ್ತಾರೆ, ಬೇರೆಯವರ ಪ್ರವಾಸ ನೋಡಿಕೊಳ್ಳುತ್ತಾರೆ, ನಡುವೆ ತಮ್ಮ ಹಾಡು ಮಾಡುತ್ತಾರೆ. ಹನಿಗೂಡಿ ಹಳ್ಳ. ಇದನ್ನು ಸೋಲು ಅಂದುಕೊಳ್ಳಬೇಕಿಲ್ಲ. ಈ ಕಸುಬಿನ ಆಕಾರವೇ ಹಾಗೆ.

ನಾವು ಐದು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬೊಬ್ಬರೂ ಅರ್ಧ ಆಗಿರುವ ಒಂದು ಟ್ರ್ಯಾಕ್ ತರಬೇಕು, ಮುಗಿದದ್ದು ತರುವಂತಿಲ್ಲ. ಕೇಳುವಾಗ ಯಾರೂ ಮಾತಾಡುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಮುಗಿದ ಮೇಲೆ "ಚೆನ್ನಾಗಿದೆ" ಅನ್ನುವಂತಿಲ್ಲ. ಗಮನ ಎಲ್ಲಿ ತಪ್ಪಿತು ಅಂತ ನಿಮಿಷ, ಸೆಕೆಂಡು ಹೇಳಬೇಕು. "ಒಂದು ನಿಮಿಷ ನಲವತ್ತರಲ್ಲಿ ನಾನು ನಾಳೆಯ ಕೆಲಸ ಯೋಚಿಸ್ತಿದ್ದೆ" ಅಂತ ಒಬ್ಬಳು ಹೇಳಿದ ಮೇಲೆ ನನ್ನ ಒಂದು ಹಾಡಿನ ಇಡೀ ಎರಡನೇ ಚರಣ ಹೋಯಿತು. ಹೋದದ್ದೇ ಒಳ್ಳೆಯದಾಯಿತು. ಇಂಥ ಮಾತು ಸಾವಿರ ಲೈಕಿನಿಂದ ಸಿಗುವುದಿಲ್ಲ, ಅಲ್ವಾ?

ಇದನ್ನೇ ದೊಡ್ಡದಾಗಿ ಮಾಡಿದವರಿದ್ದಾರೆ. 1965ರಲ್ಲಿ ಷಿಕಾಗೋದಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಸಂಗಡಿಗರು ಎಎಸಿಎಂ ಎಂಬ ಸಂಗೀತಗಾರರ ಸಂಘ ಕಟ್ಟಿದರು. ಕಪ್ಪು ಸಂಗೀತಗಾರರು ತಮ್ಮದೇ ಸಂಗೀತ ಮಾಡಲು ಜಾಗ ಇಲ್ಲದಿದ್ದ ಹೊತ್ತು. ಸದಸ್ಯರು ವಂತಿಗೆ ಕೊಡಬೇಕು, ಸಂಘದ ಕಾರ್ಯಕ್ರಮದಲ್ಲಿ ಸ್ವಂತ ರಚನೆಯನ್ನೇ ನುಡಿಸಬೇಕು. ಕಾರ್ಯಕ್ರಮಗಳನ್ನು ತಾವೇ ಏರ್ಪಡಿಸಿದರು, ಮಕ್ಕಳಿಗೆ ಉಚಿತವಾಗಿ ಸಂಗೀತ ಕಲಿಸಿದರು. ಆ ಸಂಘ ಅರವತ್ತು ವರ್ಷ ಆದರೂ ಇದೆ. ಅಲ್ಲಿಂದ ಬಂದವರಲ್ಲಿ ಹೆನ್ರಿ ಥ್ರೆಡ್‌ಗಿಲ್ 2016ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಇನ್ನೂ ಹಿಂದೆ ಹೋದರೆ ರಾಯಲ್ಟಿ ಅನ್ನುವುದು ನಮ್ಮ ಕೈಗೆ ಬಂದದ್ದೂ ಜನ ಒಟ್ಟಾಗಿದ್ದರಿಂದ. 1847ರಲ್ಲಿ ಪ್ಯಾರಿಸ್ಸಿನ ಒಂದು ಸಂಗೀತದ ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ಗೆಳೆಯರ ಜೊತೆ ಕೂತಿದ್ದರು. ವೇದಿಕೆಯಲ್ಲಿ ನಡೆಯುತ್ತಿದ್ದದ್ದು ಅವರದೇ ಹಾಡು. ಬಿಲ್ ಬಂದಾಗ ಕೊಡುವುದಿಲ್ಲ ಅಂದರು. ನೀವು ನಮ್ಮ ಹಾಡಿಗೆ ದುಡ್ಡು ಕೊಡುವುದಿಲ್ಲ, ನಾವು ಯಾಕೆ ನಿಮ್ಮ ಪಾನೀಯಕ್ಕೆ ಕೊಡಬೇಕು ಅನ್ನುವುದು ಅವರ ವಾದ. ವಿಷಯ ಕೋರ್ಟಿಗೆ ಹೋಗಿ ಬರೆದವರ ಪರ ತೀರ್ಪಾಯಿತು. ಆದರೆ ಊರೂರ ಕೆಫೆಗೆ ಹೋಗಿ ವಸೂಲಿ ಮಾಡುವುದು ಒಬ್ಬರಿಂದ ಆಗುವ ಕೆಲಸವೇ? ಅದಕ್ಕಾಗಿ 1851ರಲ್ಲಿ ಹುಟ್ಟಿದ್ದು ಸಾಸೆಮ್ ಸಂಘ. ಇವತ್ತು ದೇಶದೇಶಗಳಲ್ಲಿ ಇರುವ ಹಕ್ಕು ಸಂಘಗಳಿಗೆಲ್ಲ ಅದೇ ಹಿರಿಯಣ್ಣ. ಹಕ್ಕು ಕಾನೂನಿನಲ್ಲಿ ಇದ್ದರೆ ಸಾಲದು, ವಸೂಲಿಗೆ ಗುಂಪು ಬೇಕು.

ಬಳಗದ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಗೊತ್ತಿದ್ದವರು ಗೊತ್ತಿದ್ದವರನ್ನೇ ಕರೆಯುತ್ತಾರೆ. ಹಾಗಾದಾಗ ಬಳಗ ಬೇಲಿಯೂ ಆಗುತ್ತದೆ. ಅಮೆರಿಕದ ಯುಎಸ್‌ಸಿ ಆನೆನ್‌ಬರ್ಗ್ ಸಂಶೋಧಕರು 2023ರ ಜನಪ್ರಿಯ ಹಾಡುಗಳನ್ನು ಎಣಿಸಿದಾಗ ಮ್ಯೂಸಿಕ್ ಪ್ರೊಡ್ಯೂಸರ್‌ಗಳಲ್ಲಿ ಮಹಿಳೆಯರು ಶೇ. 6.5 ಮಾತ್ರ. ಅದಕ್ಕೆ ಹಿಂದಿನ ವರ್ಷ ಇನ್ನೂ ಕಮ್ಮಿ, ಶೇ. 3.4. ಪ್ರತಿಭೆ ಇಷ್ಟು ಓರೆಯಾಗಿ ಹಂಚಿಹೋಗಿರಲು ಸಾಧ್ಯವಿಲ್ಲ. ಫೋನು ಯಾರಿಗೆ ಹೋಗುತ್ತದೆ ಅನ್ನುವುದೇ ಓರೆಯಾಗಿದೆ. ನಮ್ಮ ಐದು ಜನರ ಕೂಟದಲ್ಲೂ ಮೊದಲ ಎರಡು ವರ್ಷ ಐವರೂ ಗಂಡಸರೇ. ನಾವು ಗಮನಿಸಿಯೇ ಇರಲಿಲ್ಲ ಅನ್ನುವುದೇ ಬೇಲಿಯ ಲಕ್ಷಣ.

ಕೇಳುಗರು ಯಾರ ಮನೆಯಲ್ಲಿದ್ದಾರೆ?

ಕೇಳುಗರ ಬಳಗದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಇದು. ನಾಳೆ ಆ ಆ್ಯಪ್ ಮುಚ್ಚಿದರೆ ನಿಮ್ಮ ಕೇಳುಗರಲ್ಲಿ ಎಷ್ಟು ಜನಕ್ಕೆ ನೀವು ಸುದ್ದಿ ಮುಟ್ಟಿಸಬಲ್ಲಿರಿ?

ಮೈಸ್ಪೇಸ್ ಎಂಬ ಜಾಲತಾಣ ಒಂದು ಕಾಲಕ್ಕೆ ಸಂಗೀತದವರ ಮನೆಯೇ ಆಗಿತ್ತು. 2019ರಲ್ಲಿ, ಸರ್ವರ್ ಬದಲಿಸುವಾಗ ಮೂರು ವರ್ಷಕ್ಕಿಂತ ಮುಂಚೆ ಹಾಕಿದ್ದೆಲ್ಲ ಕಳೆದುಹೋಗಿರಬಹುದು ಅಂತ ಅದು ಒಪ್ಪಿಕೊಂಡಿತು. ಹನ್ನೆರಡು ವರ್ಷದ ಅವಧಿಯ 5 ಕೋಟಿಗೂ ಹೆಚ್ಚು ಹಾಡುಗಳು ಹೋದವು ಅನ್ನುವುದು ಆಗಿನ ಅಂದಾಜು. 2024ರ ಫೆಬ್ರವರಿಯಿಂದ ಮೇ ತನಕ ಯೂನಿವರ್ಸಲ್ ಮತ್ತು ಟಿಕ್‌ಟಾಕ್ ಜಗಳದಲ್ಲಿ ದೊಡ್ಡದೊಡ್ಡವರ ಹಾಡುಗಳೇ ಮೂಕವಾದವು. ಕೇಳುಗರಿಗೆ ನೇರವಾಗಿ ಹಾಡು ಮಾರುವ, ಸಂಗೀತಗಾರರ ಪರ ಅಂತ ಹೆಸರಾಗಿದ್ದ ಬ್ಯಾಂಡ್‌ಕ್ಯಾಂಪ್ ತಾಣ 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೈಗೆ ಹೋಯಿತು, 2023ರಲ್ಲಿ ಸಂಗೀತದ ಲೈಸೆನ್ಸ್ ಕಂಪನಿ ಸಾಂಗ್‌ಟ್ರೇಡರ್ ಕೈಗೆ. ಆ ಹೊತ್ತಿಗೆ ಸುಮಾರು ಅರ್ಧದಷ್ಟು ಸಿಬ್ಬಂದಿಯ ಕೆಲಸ ಹೋಯಿತು. ಬಾಡಿಗೆ ಮನೆ ಎಷ್ಟೇ ಚೆಂದ ಇದ್ದರೂ ಬಾಡಿಗೆ ಮನೆಯೇ.

ಇದು ಹೊಸ ತಿಳಿವಳಿಕೆ ಏನಲ್ಲ. ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1971ರಲ್ಲಿ ತನ್ನ ಆಲ್ಬಮ್ ಒಳಗೆ ಒಂದು ಕರೆ ಅಚ್ಚು ಹಾಕಿತ್ತು. ನೀವು ಯಾರು, ಎಲ್ಲಿದ್ದೀರಿ, ವಿಳಾಸ ಬರೆದು ಕಳಿಸಿ ಅಂತ. ಬಂದ ಕಾಗದಗಳಿಂದ ಅಂಚೆ ಪಟ್ಟಿ ಆಯಿತು. 1984ರಲ್ಲಿ ಕಾರ್ಯಕ್ರಮಗಳಲ್ಲಿ ಟೇಪ್ ಮಾಡಿಕೊಳ್ಳುವವರಿಗೆ ಬೇರೆ ಜಾಗವನ್ನೇ ಕೊಟ್ಟರು. ಉಳಿದ ತಂಡಗಳು ಅಂಥವರನ್ನು ಹೊರಗೆ ಹಾಕುತ್ತಿದ್ದ ಕಾಲ.

1997ರ ಮ್ಯಾರಿಲಿಯನ್ ಕಥೆ ಇನ್ನೂ ಹತ್ತಿರದ್ದು. ಆ ಬ್ರಿಟಿಷ್ ತಂಡಕ್ಕೆ ಅಮೆರಿಕ ಪ್ರವಾಸ ಮಾಡಲು ದುಡ್ಡಿರಲಿಲ್ಲ. ಹಾಗಂತ ಅಭಿಮಾನಿಗಳ ಇಮೇಲ್ ಪಟ್ಟಿಯಲ್ಲಿ ಹೇಳಿದರು. ಅಭಿಮಾನಿಗಳು ತಾವೇ ಸೇರಿ ಸುಮಾರು 60,000 ಡಾಲರ್ ಕೂಡಿಸಿದರು, ಪ್ರವಾಸ ನಡೆಯಿತು. 2001ರ ಆಲ್ಬಮ್‌ಗೆ 12,000ಕ್ಕೂ ಹೆಚ್ಚು ಜನ ರೆಕಾರ್ಡಿಂಗ್‌ಗೂ ಮುಂಚೆಯೇ ಹಣ ಕೊಟ್ಟರು. ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣ ಶುರುವಾದದ್ದು 2009ರಲ್ಲಿ, ನೆನಪಿರಲಿ. ಸಾಧನ ಬರುವ ಮೊದಲೇ ಸಂಬಂಧ ಇತ್ತು.

2008ರಲ್ಲಿ ಅಮೆರಿಕದ ಲೇಖಕ ಕೆವಿನ್ ಕೆಲಿ ಒಂದು ಲೆಕ್ಕ ಮುಂದಿಟ್ಟರು. ಸಾವಿರ ಜನ ನಿಜವಾದ ಅಭಿಮಾನಿಗಳು ವರ್ಷಕ್ಕೆ ತಲಾ 100 ಡಾಲರ್ ಖರ್ಚು ಮಾಡಿದರೆ ಒಬ್ಬ ಕಲಾವಿದ ಬದುಕಬಹುದು ಅಂತ. ಕೇಳಲು ಚೆಂದ. ಆದರೆ ನಾಲ್ಕು ಜನರ ಬ್ಯಾಂಡ್‌ಗೆ ಅದನ್ನು ನಾಲ್ಕರಿಂದ ಭಾಗಿಸಿ. ರೆಕಾರ್ಡಿಂಗ್, ಪ್ರಯಾಣ, ತೆರಿಗೆ ಕಳೆಯಿರಿ. ಸಾವಿರ ಜನ ಸುಮ್ನೆ ಸಿಗುತ್ತಾರಾ? ನನ್ನ ಅಂದಾಜಿಗೆ ಈ ಲೆಕ್ಕದ ಬೆಲೆ ಅದರ ಮೊತ್ತದಲ್ಲಿ ಇಲ್ಲ. ಹತ್ತು ಲಕ್ಷ ಜನ ಬೇಕಿಲ್ಲ ಅಂತ ತೋರಿಸಿದ್ದರಲ್ಲಿದೆ.

ಕೇಳುಗರು ಮೊದಲು ಸಿಗುವುದು ಸಣ್ಣ ಕೋಣೆಗಳಲ್ಲಿ. ಆ ಕೋಣೆಗಳೇ ಕಡಿಮೆಯಾಗುತ್ತಿವೆ. ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕದಂತೆ 2023 ಒಂದೇ ವರ್ಷದಲ್ಲಿ ಅಲ್ಲಿನ 125 ಸಣ್ಣ ವೇದಿಕೆಗಳು ಸಂಗೀತ ನಿಲ್ಲಿಸಿದವು. ನಲವತ್ತು ಜನ ಹಿಡಿಯುವ ಜಾಗ ಮುಚ್ಚಿದರೆ ನಾಲ್ಕು ಸಾವಿರ ಜನರ ಮುಂದೆ ಹಾಡುವವರು ಎಲ್ಲಿ ಕಲಿಯಬೇಕು?

ಯಂತ್ರದ ಹಾಡುಗಳ ನಡುವೆ

ಈಗ ಎಲ್ಲರ ಬಾಯಲ್ಲೂ ಇರುವ ಭಯ ಎಐ. ಡೀಜರ್ ಹೇಳುವಂತೆ 2025ರ ಜನವರಿಯಲ್ಲಿ ದಿನಕ್ಕೆ ಸುಮಾರು 10,000 ಪೂರ್ತಿ ಎಐ ಟ್ರ್ಯಾಕ್‌ಗಳು ಅದಕ್ಕೆ ಬರುತ್ತಿದ್ದವು. ಏಪ್ರಿಲ್ ಹೊತ್ತಿಗೆ 20,000 ದಾಟಿತು, ಅಂದರೆ ದಿನದ ಒಟ್ಟು ಹಾಡುಗಳಲ್ಲಿ ಶೇ. 18. ಜೊತೆಗೆ ಸುಳ್ಳು ಕೇಳುಗರು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸರ್ಕಾರ ಒಬ್ಬನ ಮೇಲೆ ಕೇಸು ಹಾಕಿತು. ಎಐ ಹಾಡುಗಳನ್ನು ಹಾಕಿ, ಬಾಟ್‌ಗಳಿಂದ ಕೇಳಿಸಿ 1 ಕೋಟಿ ಡಾಲರ್‌ಗೂ ಹೆಚ್ಚು ರಾಯಲ್ಟಿ ಎತ್ತಿದ ಆರೋಪ. ಯಂತ್ರ ಹಾಡಿತು, ಯಂತ್ರ ಕೇಳಿತು, ದುಡ್ಡು ಮಾತ್ರ ನಿಜವಾದ ಹುಂಡಿಯಿಂದ ಹೋಯಿತು. ಆ ಹುಂಡಿಯಲ್ಲಿ ನಮ್ಮ ಪಾಲೂ ಇತ್ತು.

ದುಡ್ಡು ಕೊಟ್ಟು ಸ್ಟ್ರೀಮ್ ಕೊಳ್ಳುವ ಚಪಲ ಇರುವವರಿಗೂ ಇಲ್ಲೇ ಒಂದು ಮಾತು. 2024ರಿಂದ ಸ್ಪಾಟಿಫೈ ಸುಳ್ಳು ಸ್ಟ್ರೀಮ್ ಅತಿಯಾದ ಟ್ರ್ಯಾಕ್‌ಗಳಿಗೆ ಲೇಬಲ್, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ದಂಡ ಹಾಕುತ್ತಿದೆ. ನನಗೆ ಗೊತ್ತಿರುವ ಗಾಯಕಿಯೊಬ್ಬಳು "ಪ್ಲೇಲಿಸ್ಟ್ ಪ್ರಮೋಷನ್" ಅಂತ ಯಾರಿಗೋ ಹಣ ಕೊಟ್ಟಳು. ಎರಡು ವಾರ ಅಂಕಿ ಹಾರಿತು. ಮೂರನೇ ವಾರ ಹಾಡೇ ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಎರಡು ಸಾಲಿನ ಇಮೇಲ್ ಬಂತು, ಮಾತಾಡೋಣ ಅಂದರೆ ಒಂದು ಫೋನ್ ನಂಬರ್ ಸಹ ಇಲ್ಲ.

ಯಂತ್ರ ಕೆಲಸ ಕಸಿಯುತ್ತದೆ ಅನ್ನುವ ಭಯ ನಮ್ಮ ಕಾಲದ್ದು ಮಾತ್ರ ಅಲ್ಲ. 1942ರ ಆಗಸ್ಟ್ 1ರಿಂದ ಅಮೆರಿಕದ ಸಂಗೀತಗಾರರ ಒಕ್ಕೂಟ ರೆಕಾರ್ಡಿಂಗ್ ಮಾಡುವುದನ್ನೇ ನಿಲ್ಲಿಸಿತು. ರೆಕಾರ್ಡು, ಜೂಕ್‌ಬಾಕ್ಸ್ ಬಂದು ಎದುರಿಗೆ ಕೂತು ನುಡಿಸುವವರಿಗೆ ಕೆಲಸ ಇಲ್ಲ ಅನ್ನುವುದು ಅವರ ದೂರು. ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1944ರ ನವೆಂಬರ್‌ನಲ್ಲಿ ಕೊನೆಯ ದೊಡ್ಡ ಕಂಪನಿಗಳೂ ಮಣಿದು, ಮಾರಾಟವಾದ ರೆಕಾರ್ಡುಗಳ ಮೇಲೆ ಸಂಗೀತಗಾರರ ನಿಧಿಗೆ ಹಣ ಕೊಡಲು ಒಪ್ಪಿದವು. ರೆಕಾರ್ಡು ನಿಲ್ಲಲಿಲ್ಲ. ಆದರೆ ಅದರ ಲಾಭದಲ್ಲಿ ಒಂದು ಚೂರು ನುಡಿಸುವವರಿಗೆ ಬಂತು. ಎಐ ಕಲಿಯಲು ಬಳಸಿದ ಹಾಡುಗಳಿಗೆ ಲೈಸೆನ್ಸ್, ಹಣ ಅನ್ನುವ ಈಗಿನ ಜಗಳವೂ ಇದೇ ಜಾತಿಯದ್ದು. ಒಬ್ಬೊಬ್ಬರೇ ನಿಂತು ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ.

ನನ್ನ ಗೆಳೆಯನ ವಿಷಯ ಅರ್ಧಕ್ಕೆ ಬಿಟ್ಟೆ. ಆ 41 ನೋಡಿ ಬೇಜಾರಾದವನು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಒಂದು ಕೆಲಸ ಮಾಡಿದ. ಹಿಂದೆ ತನ್ನ ಹಾಡು ಕೇಳಿ ಏನಾದರೂ ಬರೆದಿದ್ದವರನ್ನೆಲ್ಲ ಹಳೇ ಮೆಸೇಜ್‌ಗಳಲ್ಲಿ ಹುಡುಕಿದ. ಇಪ್ಪತ್ತಮೂರು ಜನ ಸಿಕ್ಕರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ನಾಲ್ಕು ಸಾಲು ಬರೆದ. ಲಿಂಕ್ ಕೊನೆಯಲ್ಲಿ ಹಾಕಿದ್ದ. ಏಳು ಜನ ಉತ್ತರ ಕೊಟ್ಟರು.

ಮೊನ್ನೆ ಅವನ ಮನೆಗೆ ಹೋದಾಗ ಅಂಕಿ ಎಷ್ಟಾಯಿತು ಅಂತ ಕೇಳಿದೆ. "ನೋಡಿಲ್ಲ" ಅಂದ. ಆ ಏಳರಲ್ಲಿ ಒಬ್ಬಳಿಗೆ ಗಿಟಾರಿನಲ್ಲಿ ಚರಣದ ಕಾರ್ಡ್‌ಗಳು ಸಿಗುತ್ತಿಲ್ಲವಂತೆ, ಕೇಳಿ ಬರೆದಿದ್ದಳಂತೆ. ಇವನು ಫೋನನ್ನು ಪುಸ್ತಕಕ್ಕೆ ಒರಗಿಸಿಟ್ಟು, ನಿಧಾನವಾಗಿ ಒಂದೊಂದೇ ಕಾರ್ಡ್ ಹಿಡಿದು ತೋರಿಸುತ್ತಾ ರೆಕಾರ್ಡ್ ಮಾಡುತ್ತಿದ್ದ. ನಡುವೆ ನಾನು ಕೆಮ್ಮಿದೆ. "ಹಾಳು ಮಾಡಿದೆಯಲ್ಲೋ" ಅಂತ ಬೈದು ಮತ್ತೆ ಮೊದಲಿಂದ ಶುರು ಮಾಡಿದ.